ಜೊತೆಗೆ ಹೋದವಳ ಸ್ಕ್ಯಾನ್

ಮುಖ್ಯರಸ್ತೆಯ ಕೊನೆಯಲ್ಲಿ, ಟೈರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಇಬ್ಬರು ಹೆಂಗಸರು ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಅಕ್ಕ ತಂಗಿ. ಅಕ್ಕ ಕಾರಿನಲ್ಲಿ ಕೂತು ಕಲಿಸುತ್ತಿದ್ದಳು. ತಂಗಿ ಆಫೀಸಿನಲ್ಲಿ ಕೂತು ಫೋನು, ಪಾಠದ ವೇಳೆ, ಪರೀಕ್ಷೆಯ ದಿನ, ಬೈಗುಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಕಲಿಯಲು ಬಂದವರು ಅವರಿಗೆ ಕ್ಲಚ್ಚಕ್ಕ, ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಅಕ್ಕ ಪಾಠದುದ್ದಕ್ಕೂ "ಕ್ಲಚ್ಚು, ಕ್ಲಚ್ಚು" ಎನ್ನುತ್ತಿದ್ದಳು. ತಂಗಿ ಯಾರು ಏನು ಕೇಳಿದರೂ ಮೊದಲು "ಆಗಲ್ಲ" ಎಂದುಬಿಟ್ಟು, ವಿಷಯ ಏನೆಂದು ಆಮೇಲೆ ವಿಚಾರಿಸುತ್ತಿದ್ದಳು. ಅಕ್ಕ ಮದುವೆಯಾಗಿರಲಿಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ ಇಬ್ಬರೂ ಆಫೀಸಿನ ಮೇಲಿನ ಮಹಡಿಯಲ್ಲೇ ಒಟ್ಟಿಗಿದ್ದರು. ತಂಗಿಗೆ ಒಬ್ಬಳೇ ಮಗಳು, ಊರಿನ ಆಚೆ ತುದಿಯಲ್ಲಿ ಸಂಸಾರ, ಕನ್ನಡಕದ ಅಂಗಡಿಯಲ್ಲಿ ಕೆಲಸ.

ಅಕ್ಕನಿಗೆ ಮರೆವು ಶುರುವಾಗಿದೆ ಎಂದು ಮೊದಲು ಹೇಳಿದವಳು ತಂಗಿ. ಅಕ್ಕನಿಗೆ ಆಗಲೇ ಎಪ್ಪತ್ತು ಹತ್ತಿರವಾಗಿದ್ದರಿಂದ ಯಾರೂ ಎರಡನೆಯ ಮಾತಾಡಲಿಲ್ಲ. ಹಾಲು ತಾ ಎಂದರೆ ತರುತ್ತಿರಲಿಲ್ಲ. ಸೋಮವಾರದ ಪಾಠ ಬುಧವಾರಕ್ಕೆ ಹೋಗಿದೆ ಎಂದರೆ, ಸೋಮವಾರವೇ ಹೋಗಿ ಆ ಮನೆಯ ಗೇಟಿನ ಮುಂದೆ ಹಾರ್ನ್ ಬಾರಿಸುತ್ತಿದ್ದಳು. ತಂಗಿಯ ಗಂಟಲು ಪಕ್ಕದ ಟೈರ್ ಅಂಗಡಿಯವರೆಗೂ ಕೇಳುತ್ತಿತ್ತು.

"ಎಷ್ಟು ಸಲ ಹೇಳ್ಬೇಕು ನಿನಗೆ? ಗೋಡೆಗೆ ಹೇಳಿದ್ರೂ ಇಷ್ಟು ಹೊತ್ತಿಗೆ ನೆನಪಿಟ್ಕೊಂಡಿರ್ತಿತ್ತು!"

"ನೀನು ಹೇಳ್ಲೇ ಇಲ್ಲ ಕಣೇ."

"ಹೇಳ್ಲಿಲ್ವಾ? ಮೂರು ಸಲ ಹೇಳಿದೀನಿ!"

ಕೊನೆಗೆ, ಕಲಿಯಲು ಬರುತ್ತಿದ್ದ ನರ್ಸ್ ಒಬ್ಬಳ ಲೈಸೆನ್ಸ್ ಪರೀಕ್ಷೆ ಕೆಟ್ಟಿತು. ಬೆಳಿಗ್ಗೆ ಕಾರು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಬಾ ಎಂದು ತಂಗಿ ಹೇಳಿದ್ದಳಂತೆ. ಅಕ್ಕ ಆಫೀಸಿನ ಮುಂದೆಯೇ ಕಾದಳು. ನರ್ಸ್ ಬಸ್ ನಿಲ್ದಾಣದಿಂದ ಓಡುತ್ತಾ ಬಂದು, ಇಬ್ಬರೂ ಪರೀಕ್ಷೆಯ ಜಾಗ ತಲುಪುವ ಹೊತ್ತಿಗೆ ಪರೀಕ್ಷಕ ಊಟಕ್ಕೆ ಎದ್ದುಹೋಗಿದ್ದ. ಆಕೆ ಬೈಯಲಿಲ್ಲ. "ಅಮ್ಮ, ಅಕ್ಕನೋರನ್ನ ಒಂದ್ಸಲ ನಮ್ಮ ಆಸ್ಪತ್ರೆಗೆ ಕರ್ಕೊಂಡ್ಬನ್ನಿ, ಮರೆವಿನ ವಿಭಾಗ ಬೇರೆ ಇದೆ," ಎಂದಳಷ್ಟೆ. ಬೈದಿದ್ದರೆ ತಂಗಿ ಜಗಳಕ್ಕೆ ನಿಲ್ಲುತ್ತಿದ್ದಳು. ಕರುಣೆ ತೋರಿಸಿದ್ದರಿಂದ ಮಗಳಿಗೆ ಫೋನು ಮಾಡಿದಳು. ಮಗಳು, "ಹೋಗಮ್ಮ, ತಡ ಮಾಡ್ಬೇಡ. ದೊಡ್ಡಮ್ಮನ್ನ ನೀನಲ್ದೆ ಇನ್ಯಾರು ನೋಡ್ಕೋಬೇಕು," ಎಂದಳು.

ಆ ವಿಭಾಗದಲ್ಲಿದ್ದ ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು. ಬೆಳಗಿನ ಹೊತ್ತು ರೋಗಿಗಳನ್ನು ನೋಡುತ್ತಿದ್ದಳು, ಮಧ್ಯಾಹ್ನ ಸಂಶೋಧನೆ. ವಯಸ್ಸಾದಂತೆ ಮೆದುಳು ಸಕ್ಕರೆಯನ್ನು ಹೇಗೆ ಬಳಸುತ್ತದೆ ಎನ್ನುವುದು ಅವಳ ವಿಷಯ. ಅದಕ್ಕಾಗಿ ಮರೆವಿನ ತೊಂದರೆ ಇರುವವರ ಜೊತೆಗೆ, ಅದೇ ಮನೆಯ, ಹೆಚ್ಚು ಕಡಿಮೆ ಅದೇ ವಯಸ್ಸಿನ ಆರೋಗ್ಯವಂತರೂ ಬೇಕಾಗಿದ್ದರು. ಹೋಲಿಸಿ ನೋಡಲು.

"ನೀವು ಸೇರ್ತೀರಾ ಅಮ್ಮ? ಇಬ್ಬರಿಗೂ ಒಂದೇ ಥರ ಪರೀಕ್ಷೆ, ಒಂದೇ ಥರ ಸ್ಕ್ಯಾನು."

"ಆಗಲ್ಲ," ಎಂದಳು ತಂಗಿ. ಆಮೇಲೆ, "ಏನ್ಮಾಡ್ಬೇಕು ಅದಕ್ಕೆ?" ಎಂದು ಕೇಳಿದಳು.

ಒಪ್ಪಿಗೆ ಪತ್ರದಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಸ್ಕ್ಯಾನಿನಲ್ಲಿ ಏನಾದರೂ ಕಂಡುಬಂದರೆ ನಿಮಗೆ ತಿಳಿಸಬೇಕೆ, ಬೇಡವೆ? ತಂಗಿ ಯೋಚಿಸದೆ "ತಿಳಿಸಬೇಕು" ಎಂದು ಗುರುತು ಹಾಕಿದಳು. ಕಂಡುಬರುವುದು ಅಕ್ಕನ ತಲೆಯಲ್ಲಿ ತಾನೆ.

ಮೊದಲು ಬಾಯಿಮಾತಿನ ಪರೀಕ್ಷೆ. ಗಡಿಯಾರ ಬರೆಯುವುದು, ಲೆಕ್ಕ ಕಳೆಯುವುದು, ಕೆಲವು ಪದಗಳನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ನಂತರ ಮತ್ತೆ ಹೇಳುವುದು. ಬಟ್ಟಲು, ಗಂಟೆ, ಹಾವು, ಮೇಜು, ಹೀಗೆ. ತಂಗಿ ಒಂದೆರಡು ಬಿಟ್ಟಳು, "ಇಂಥ ತಲೆಬುಡ ಇಲ್ಲದ ಪದಗಳನ್ನ ಯಾರಮ್ಮ ತಲೇಲಿಟ್ಕೋತಾರೆ" ಎಂದು ನಕ್ಕಳು, ಒಟ್ಟಿನಲ್ಲಿ ಪಾಸಾದಳು. ಅಕ್ಕ ನಿಧಾನವಾಗಿ, ಒಂದೂ ಬಿಡದೆ ಹೇಳಿದಳು. ಆದರೆ ಅವಳು ಹೇಳಿದ್ದು ತೊಟ್ಟಿಲು, ಕುಂಟೆ, ಮಾವು, ಮೇಜು. ಪರೀಕ್ಷೆ ಮಾಡುತ್ತಿದ್ದವರು ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

ಸ್ಕ್ಯಾನಿನ ದಿನ ಇಬ್ಬರೂ ಬರಿ ಹೊಟ್ಟೆಯಲ್ಲಿ ಹೋದರು. ತೀರಾ ಸ್ವಲ್ಪ ವಿಕಿರಣ ಬೆರೆಸಿದ ಸಕ್ಕರೆಯನ್ನು ನರಕ್ಕೆ ಚುಚ್ಚಿ, ಒಬ್ಬೊಬ್ಬರನ್ನು ಒಂದೊಂದು ಮಂದ ಬೆಳಕಿನ ಕೋಣೆಯಲ್ಲಿ ಒರಗುಕುರ್ಚಿಯ ಮೇಲೆ ಕೂರಿಸಿದರು. ಆ ಸಕ್ಕರೆ ತಲೆಯ ಯಾವ ಭಾಗಕ್ಕೆ ಎಷ್ಟು ಹೋಗುತ್ತದೆ ಎಂದು ಆಮೇಲೆ ಯಂತ್ರ ನೋಡುತ್ತದೆ. ಅಲ್ಲಿಯವರೆಗೆ ಓದುವಂತಿಲ್ಲ, ಫೋನು ನೋಡುವಂತಿಲ್ಲ, ಮಾತಾಡುವಂತಿಲ್ಲ. ಅಕ್ಕ ಕಣ್ಣು ಮುಚ್ಚಿ ಸುಮ್ಮನೆ ಕೂತಳು. ತಂಗಿಯ ಕೋಣೆಯಿಂದ ಮಾತ್ರ ಮಾತು ಬರುತ್ತಲೇ ಇತ್ತು: ಈ ಕುರ್ಚಿ ಎಲ್ಲಿ ಮಾಡಿಸಿದ್ದು, ಇಲ್ಲಿ ಯಾಕಿಷ್ಟು ಚಳಿ, ಈ ಕುರ್ಚಿ ಎಲ್ಲಿ ಮಾಡಿಸಿದ್ದು.

"ಅಮ್ಮಾ, ನೀವು ಮಾತಾಡ್ತಾ ಇದ್ರೆ ಸಕ್ಕರೆ ಎಲ್ಲ ಮಾತಿನ ಜಾಗಕ್ಕೇ ಹೋಗುತ್ತೆ," ಎಂದರು ಸೂಜಿ ಚುಚ್ಚಿದವರು.

"ನಂದು ಯಾವಾಗ್ಲೂ ಅಲ್ಲಿಗೇ ಹೋಗೋದು," ಎಂದು ತಂಗಿ ಬಾಯಿಗೆ ಬೀಗ ಹಾಕಿದಳು.

ಫಲಿತಾಂಶ ಹೇಳಲು ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಳು. ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು, ಎತ್ತರದ ದನಿಯಲ್ಲಿ ಹೇಳಿದಳು: "ನಿಮ್ಮ ತಲೆ ಚೆನ್ನಾಗೇ ಇದೆ ಅಮ್ಮ. ಕೆಟ್ಟಿರೋದು ಕಿವಿ. ಥೈರಾಯ್ಡ್ ಕೂಡ ಸ್ವಲ್ಪ ಕಡಿಮೆ ಇದೆ, ಅದಕ್ಕೇ ಈ ಸುಸ್ತು. ಮಾತ್ರೆ ಕೊಡ್ತೀನಿ."

"ಮತ್ತೆ ಮರೆವು?" ಎಂದಳು ತಂಗಿ.

"ಮರೆತಿದ್ದಲ್ಲ. ಕೇಳಿಸ್ಕೊಂಡೇ ಇಲ್ಲ. ವರ್ಷಗಟ್ಟಲೆ ಕಿಟಕಿ ತೆಗೆದು ಹಾರ್ನು, ಲಾರಿ, ಎಲ್ಲದರ ಮಧ್ಯೆ ಕೂತಿದಾರಲ್ಲ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಎಷ್ಟೋ ತಿಂಗಳಿಂದ ಅವಳು ಒಳಗೊಳಗೇ ಹೆದರಿದ್ದಳು. ಮಲಗುವ ಮುನ್ನ ತಾನು ಕಲಿಸಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನಪು ಮಾಡಿಕೊಂಡು, ನೆನಪಿದೆ ಎಂದು ಖಾತರಿ ಮಾಡಿಕೊಂಡೇ ಮಲಗುತ್ತಿದ್ದಳು. ತಂಗಿಗೆ ಅದನ್ನು ಹೇಳಿರಲಿಲ್ಲ.

"ನಂದು?" ಎಂದಳು ತಂಗಿ.

ಡಾಕ್ಟರಮ್ಮ ಪರದೆಯ ಮೇಲಿನ ಚಿತ್ರ ತೋರಿಸಿದಳು. ಅಕ್ಕನ ಮೆದುಳು ಹಳದಿ ಹಸಿರಾಗಿತ್ತು. ತಂಗಿಯದರಲ್ಲಿ ಅಲ್ಲಲ್ಲಿ ಕೆಂಪು ಎದ್ದು ಕಾಣುತ್ತಿತ್ತು. "ನಿಮ್ಮದು ವಯಸ್ಸಿಗೆ ಮೀರಿ ಬೆಳಗ್ತಾ ಇದೆ. ಕೆಲವು ಕಡೆ ಮಾಮೂಲಿಗಿಂತ ಹೆಚ್ಚು ಸಕ್ಕರೆ ಬಳಸ್ತಾ ಇದೆ. ಇನ್ನೊಂದು ಬೇರೆ ಥರದ ಸ್ಕ್ಯಾನ್ ಮಾಡ್ಬೇಕಾಗಬಹುದು, ಫೋನ್ ಮಾಡ್ತೀನಿ," ಎಂದಳು. ಮೊದಲ ಮಾತಿನ ನಂತರದ್ದು ತಂಗಿಯ ಕಿವಿಗೆ ಬೀಳಲಿಲ್ಲ.

ಮುಂದಿನ ವಾರವಿಡೀ ಆಫೀಸಿಗೆ ಬಂದವರೆಲ್ಲ ಆ ಕಥೆ ಕೇಳಬೇಕಾಯಿತು. "ನಮ್ಮಕ್ಕಂದು ಸಾಧಾರಣ. ನಂದು ದೊಡ್ಡ ಬಲ್ಬು ಹಾಕಿದ ಹಾಗಿದೆಯಂತೆ!" ಔಷಧಿ ಅಂಗಡಿಯವನು ಎರಡು ಸಲ ಕೇಳಿದ, ಎರಡನೆಯ ಸಲವೂ ಹೊಸದಾಗಿ ಕೇಳಿದವನಂತೆ ತಲೆಯಾಡಿಸಿದ. ಅಕ್ಕನಿಗೆ ಸಣ್ಣ ಹೊಟ್ಟೆಕಿಚ್ಚಾಯಿತು. ಚಿಕ್ಕಂದಿನಿಂದಲೂ ಶಾಲೆಯಲ್ಲಿ ಹೆಚ್ಚು ಅಂಕ ತಂಗಿಗೇ.

ಕಿವಿಯ ಯಂತ್ರ ಬಂದಿತು. ಅದನ್ನು ಹಾಕಿಕೊಂಡ ಮೊದಲ ದಿನ ಅಕ್ಕ ಮನೆಯೊಳಗೆ ಕಳ್ಳನ ಹಾಗೆ ಓಡಾಡಿದಳು. ಫ್ರಿಜ್ಜು ಗೊಣಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ತನ್ನ ಚಪ್ಪಲಿಗೆ ಇಷ್ಟು ಸದ್ದಿದೆಯೇ? ಕಾರಿನಲ್ಲಿ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತಾ, ತಿರುವು ಮುಗಿದ ಮೇಲೂ ಅದನ್ನು ಆರಿಸದೆ ಬಿಟ್ಟಳು. ಪಕ್ಕದಲ್ಲಿ ಕಲಿಯುತ್ತಿದ್ದ ದರ್ಜಿ, "ಅಕ್ಕ, ಆಫ್ ಮಾಡ್ಲಾ?" ಎಂದು ಪಿಸುಗುಟ್ಟಿದ. ಪಿಸುಗುಟ್ಟಿದ್ದೂ ಕೇಳಿಸಿತು.

ಎರಡು ಮೂರು ವಾರ ಕಳೆದ ಮೇಲೆ ಅವಳು ಯಂತ್ರ ಕೊಟ್ಟ ಕಿವಿಯ ತಜ್ಞನ ಬಳಿಗೆ ಹೋಗಿ ದೂರು ಹೇಳಿದಳು.

"ಇದು ಕೆಟ್ಟಿದೆ. ಒಂದು ಮಾತನ್ನ ಎರಡು ಮೂರು ಸಲ ಕೇಳಿಸುತ್ತೆ."

"ಪ್ರತಿಧ್ವನಿ ಥರಾನಾ?"

"ಅಲ್ಲ. ಒಂದ್ಸಲ ಕೇಳುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು ಕೇಳುತ್ತೆ. ಆಮೇಲೆ ಇನ್ನೊಂದ್ಸಲ."

ಅವನು ಯಂತ್ರವನ್ನು ಬಿಚ್ಚಿ ನೋಡಿದ, ಕಂಪ್ಯೂಟರಿಗೆ ಜೋಡಿಸಿ ನೋಡಿದ, ತನ್ನ ಕಿವಿಗೇ ಇಟ್ಟುಕೊಂಡು ನೋಡಿದ. "ಯಂತ್ರ ಸರಿಯಾಗೇ ಇದೆ ಅಮ್ಮ. ಯಾರ ಮಾತು ಹಾಗೆ ಕೇಳುತ್ತೆ?"

"ನನ್ನ ತಂಗಿದು."

"ಬೇರೆಯವರದು?"

ಅಕ್ಕ ಬಾಯಿ ತೆರೆದಳು. ಬೇರೆ ಯಾರದೂ ಇಲ್ಲ. ದರ್ಜಿ ಹೇಳಿದ್ದು ಒಂದೇ ಸಲ, ಔಷಧಿ ಅಂಗಡಿಯವನದು ಒಂದೇ ಸಲ, ಫ್ರಿಜ್ಜು ಕೂಡ ಒಂದು ಸಲ ಗೊಣಗಿ ಸುಮ್ಮನಾಗುತ್ತದೆ. ಅವಳು ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ಥ್ಯಾಂಕ್ಸ್ ಹೇಳಿ, ಮೆಟ್ಟಿಲಿಳಿದು ಬಂದಳು. ಬಸ್ಸಿಗೆ ಕಾಯುತ್ತಾ ನಿಲ್ದಾಣದ ಬೆಂಚಿನ ಮೇಲೆ ಕೂತಳು. ತಂಗಿ ನಿಜವಾಗಿಯೂ ಮೂರು ಸಲ ಹೇಳುತ್ತಿದ್ದಳು. ಮರೆಯುವ ಅಕ್ಕನಿಗಾಗಿ ಹಾಗೆ ಹೇಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು, ತಂಗಿಯೂ ಹಾಗೇ ತಿಳಿದಿದ್ದಳು. ಈಗ ಅಕ್ಕ ಮೊದಲ ಸಲಕ್ಕೇ "ಹೂಂ, ತಂದಿದೀನಿ" ಎನ್ನುತ್ತಿದ್ದಳು. ಆದರೂ ಮಾತು ಇನ್ನೆರಡು ಸಲ ಬರುತ್ತಿತ್ತು. ಆ ನರ್ಸ್ ವಿಷಯ? ಬಸ್ ನಿಲ್ದಾಣ ಎಂದು ತಂಗಿ ತನಗೆ ಹೇಳಿದ್ದು ಹೌದೋ, ಹೇಳಿದೆ ಎಂದುಕೊಂಡಿದ್ದೋ? ಅದನ್ನು ಇನ್ನು ಯಾರೂ ಹೇಳುವಂತಿರಲಿಲ್ಲ.

ಮನೆಗೆ ಹೋಗಿ ಅಕ್ಕ ಏನನ್ನೂ ಕೇಳಲಿಲ್ಲ. ಕೇಳುವುದು ಹೇಗೆಂದು ತಿಳಿಯಲಿಲ್ಲ. ಇಷ್ಟು ದಿನ ಹುಚ್ಚು ಹಿಡಿಸುವಷ್ಟು ತನ್ನನ್ನು ಬೈದವಳಿಗೆ, ಮರೆವು ನಿನಗೇ ಎಂದು ತಿರುಗಿ ಹೇಳಿದರೆ ಸೇಡು ತೀರಿಸಿಕೊಂಡ ಹಾಗಾಗುತ್ತದೆ.

ಅಷ್ಟರಲ್ಲಿ ಎರಡನೆಯ ಸ್ಕ್ಯಾನಿಗೆ ತಂಗಿಗೆ ಕರೆ ಬಂದಿತ್ತು. "ಸಂಶೋಧನೆಗೆ ನನ್ನ ತಲೆ ಮತ್ತೆ ಬೇಕಂತೆ," ಎಂದು ಹೇಳಿ ಒಬ್ಬಳೇ ಹೋಗಿ ಬಂದಳು. ಇನ್ನೊಂದು ದಿನ ಫಲಿತಾಂಶಕ್ಕೆ ಹೋದಳು, ಅದೂ ಒಬ್ಬಳೇ.

ಡಾಕ್ಟರಮ್ಮ ಬಾಗಿಲು ಹಾಕಿ ಬಂದು ಕೂತಳು. "ಜೊತೆಗೆ ಯಾರೂ ಬಂದಿಲ್ವಾ?"

"ನಾನೇ ಜೊತೆಗೆ ಬಂದೋಳಲ್ವಾ," ಎಂದಳು ತಂಗಿ. ಆಮೇಲೆ ಡಾಕ್ಟರಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. "ಹೇಳಿ. ತಿಳಿಸ್ಬೇಕು ಅಂತ ನಾನೇ ಗುರುತು ಹಾಕಿದೀನಿ."

ಡಾಕ್ಟರಮ್ಮ ಸುತ್ತು ಬಳಸಲಿಲ್ಲ. ಆದರೆ ಮೊದಲಿನಿಂದ ಶುರು ಮಾಡಿದಳು. ಮೈಯ ತೂಕದಲ್ಲಿ ಮೆದುಳು ತೀರಾ ಸಣ್ಣ ಪಾಲು. ಮೈಯ ಶಕ್ತಿಯಲ್ಲಿ ಮಾತ್ರ ಅದಕ್ಕೆ ಐದರಲ್ಲಿ ಒಂದು ಭಾಗ ಬೇಕು. ಅದರ ಮುಖ್ಯ ಆಹಾರ ಸಕ್ಕರೆ. ನೆನಪು, ಯೋಚನೆ ಎಲ್ಲ ಮಾಡುವ ನರಕೋಶಗಳು ಅದನ್ನು ಬಳಸುತ್ತವೆ. ಅವುಗಳ ನಡುವೆ ಇನ್ನೊಂದು ಬಗೆಯ ಕೋಶಗಳಿವೆ, ಮೈಕ್ರೋಗ್ಲಿಯಾ ಎಂದು. ಅವು ಮೆದುಳಿನ ಕಾವಲಿನವರು. ಸೋಂಕು ಬಂದರೆ ಹೊಡೆದಟ್ಟುತ್ತವೆ, ಕಸ ಬಿದ್ದರೆ ಎತ್ತಿ ಹಾಕುತ್ತವೆ. ವಯಸ್ಸಾದಾಗ ಕೆಲವರ ತಲೆಯಲ್ಲಿ ಬೇಡದ ಪ್ರೋಟೀನಿನ ಕಸ ಕೂಡುತ್ತದೆ. ಆಗ ಕಾವಲಿನವರು ಕೆರಳುತ್ತಾರೆ. ಕೆರಳಿದವರಿಗೆ ಹಸಿವು ಹೆಚ್ಚು.

"ನಿಮ್ಮ ಮೊದಲ ಸ್ಕ್ಯಾನಲ್ಲಿ ಕೆಂಪಾಗಿ ಕಾಣ್ತಿತ್ತಲ್ಲ, ಅಲ್ಲಿಗೆ ಸಕ್ಕರೆ ಹೆಚ್ಚು ಹೋಗ್ತಿತ್ತು ನಿಜ. ಅದನ್ನ ತಿಂತಾ ಇರೋದು ನರಕೋಶಗಳು ಅಂದ್ಕೊಂಡಿದ್ವಿ. ಈ ಎರಡನೇ ಸ್ಕ್ಯಾನ್ ಕೆರಳಿದ ಕಾವಲು ಕೋಶಗಳನ್ನ ಮಾತ್ರ ತೋರಿಸುತ್ತೆ. ಎರಡೂ ಒಂದೇ ಜಾಗದಲ್ಲಿವೆ ಅಮ್ಮ."

ತಂಗಿ, "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು," ಎಂದಳು.

"ಪೂರ್ತಿ ಹಾಗಲ್ಲ. ಬೇಲಿ ಕೆಟ್ಟದ್ದಲ್ಲ. ಹೊಲದಲ್ಲಿ ಬಿದ್ದಿರೋ ಕಸ ತೆಗೆಯೋಕೆ ಒದ್ದಾಡ್ತಾ ಇದೆ. ತೆಗೆದು ಮುಗಿಯಲ್ಲ, ಸುಸ್ತಾಗುತ್ತೆ, ಆದ್ರೂ ಬಿಡಲ್ಲ. ಬಿಡದೇ ಇರೋದ್ರಿಂದ ಪಕ್ಕದಲ್ಲಿರೋ ಪೈರಿಗೂ ಪೆಟ್ಟು ಬೀಳುತ್ತೆ. ನಮಗೆ ತಿಳಿದಿರೋದು ಇಷ್ಟು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ."

"ಅಂದ್ರೆ ನನಗೆ ಮರೆವಿನ ರೋಗ."

"ಶುರುವಿನಲ್ಲಿದೆ. ಉಳಿದ ಪರೀಕ್ಷೆಗಳೂ ಹಾಗೇ ಹೇಳ್ತಿವೆ."

"ನಮ್ಮಕ್ಕಂಗೆ ಅಲ್ಲ, ನನಗೆ."

"ಹೌದಮ್ಮ."

ತಂಗಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಗುಣವಾಗುತ್ತದೆಯೆ? ಇಲ್ಲ. ನಿಧಾನ ಮಾಡಬಹುದೆ? ಕೆಲವು ಔಷಧಿಗಳಿವೆ, ಸ್ವಲ್ಪ ಮಟ್ಟಿಗೆ. ನಡಿಗೆ, ನಿದ್ದೆ, ರಕ್ತದೊತ್ತಡ ಹಿಡಿತದಲ್ಲಿಡುವುದು, ಜನರ ಜೊತೆ ಮಾತುಕತೆ. "ಮಾತು ಬೇಕಾದಷ್ಟಿದೆ," ಎಂದಳು ತಂಗಿ. ಕೈಚೀಲ ಎತ್ತಿಕೊಂಡು ಎದ್ದಳು. ಬಾಗಿಲ ತನಕ ಹೋಗಿ ತಿರುಗಿ, "ನಾನು ಒಂದು ವಾರ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೆ, ನನ್ನ ತಲೆ ಬೆಳಗ್ತಿದೆ ಅಂತ," ಎಂದಳು.

"ಅದು ನನ್ನ ತಪ್ಪು," ಎಂದಳು ಡಾಕ್ಟರಮ್ಮ. "ನಾನು ಆ ಪದ ಬಳಸಬಾರದಿತ್ತು."

ಮನೆಯಲ್ಲಿ ತಂಗಿ, "ಏನೂ ಇಲ್ಲ, ಇನ್ನೊಂದು ಫೋಟೋ ತೆಗೆದ್ರು ಅಷ್ಟೆ," ಎಂದಳು. ಅಕ್ಕ ಒತ್ತಾಯ ಮಾಡಲಿಲ್ಲ. ಹೀಗೆ ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಒಂದೇ ಮೇಜಿನಲ್ಲಿ ಊಟ ಮಾಡುತ್ತಾ ಕೆಲವು ದಿನ ಕಳೆದರು. ಆದರೆ ತಂಗಿ ಸಂಜೆ ಪೇಟೆಗೆ ಹೋಗುವಾಗ ಕಾರಿನ ಕೀಲಿ ಎತ್ತಿಕೊಳ್ಳುತ್ತಿದ್ದಳು. ಆ ಸದ್ದು ಈಗ ಅಕ್ಕನಿಗೆ ಮಹಡಿಯ ಮೇಲಿನವರೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಅವಳು ಕಿಟಕಿಗೆ ಬಂದು, ಕಾರು ಕಣ್ಮರೆಯಾಗುವವರೆಗೂ ನೋಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ, "ಬಾರೇ, ಪರೀಕ್ಷೆ ದಾರೀಲಿ ಒಂದು ಸುತ್ತು ಹೋಗಿ ಬರೋಣ. ನೀನೇ ಓಡಿಸು," ಎಂದಳು.

"ಯಾಕೆ? ನನಗೇ ಪಾಠ ಮಾಡ್ತೀಯಾ?"

"ಮಾಡ್ತೀನಿ. ಹತ್ತು."

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರುತ್ತವೆ. ಅಕ್ಕ ಅಲ್ಲಿ ಕೂತಳು. ತಂಗಿ ಬೇಕೆಂದೇ ಬಿಗುಮಾನದಿಂದ ಸೀಟು ಸರಿಪಡಿಸಿ, ಕನ್ನಡಿ ತಿರುಗಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗಾಡಿ ಹೊರಡಿಸಿದಳು. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಗಾಡಿ ಎತ್ತಿದಳು. ಹಿಂದಕ್ಕೆ ಹೋಗಿ ಕಿರಿದಾದ ಜಾಗದಲ್ಲಿ ಒಂದೇ ಸಲಕ್ಕೆ ನಿಲ್ಲಿಸಿದಳು. ಅಕ್ಕನಿಗೆ ಒಂದು ಕ್ಷಣ ತಾನೇ ತಪ್ಪು ತಿಳಿದೆನೇನೋ ಎನಿಸಿತು.

ವೃತ್ತದ ಬಳಿ ಬಂದರು. ನಾಲ್ಕು ರಸ್ತೆ ಸೇರುವ, ಅವರು ಸಾವಿರ ಸಲ ಸುತ್ತಿದ್ದ ವೃತ್ತ. ತಂಗಿ ಒಳಗೆ ತೆಗೆದುಕೊಂಡಳು, ಒಂದು ಸುತ್ತು ಬಂದಳು, ತಮ್ಮ ರಸ್ತೆಯನ್ನು ದಾಟಿ ಮುಂದೆ ಹೋದಳು. ಇನ್ನೊಂದು ಸುತ್ತು. ಇಂಡಿಕೇಟರ್ ಹಾಕಿದಳು, ತೆಗೆದಳು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅವಳ ಕೈಕಾಲು ಮಾಡಬೇಕಾದ್ದನ್ನು ಸರಿಯಾಗಿ ಮಾಡುತ್ತಲೇ ಇದ್ದವು. ಎಲ್ಲಿಗೆ ಎನ್ನುವುದು ಮಾತ್ರ ಅವಳಲ್ಲಿ ಇರಲಿಲ್ಲ. ಮೂರನೆಯ ಸುತ್ತಿನಲ್ಲಿ ಅಕ್ಕ ಅವಳ ಕಡೆ ನೋಡದೆ, ಹೊಸಬರಿಗೆ ಹೇಳುವ ದನಿಯಲ್ಲಿ, "ಔಷಧಿ ಅಂಗಡಿ ಬೋರ್ಡ್ ಕಾಣ್ತಿದೆಯಲ್ಲ, ಅದರ ಕಡೆ ತಗೋ. ನಿಧಾನ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ," ಎಂದಳು.

ಬಾಗಿಲು ಹಾಕಿದ್ದ ಪೀಠೋಪಕರಣದ ಅಂಗಡಿಯ ಮುಂದೆ ಗಾಡಿ ನಿಂತಿತು. ತಂಗಿ ಎಂಜಿನ್ ಆರಿಸಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆಯೇ ಇಟ್ಟುಕೊಂಡಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದಳು.

"ಕಿವಿ ಬಂದ ಮೇಲೆ. ನಿನಗೆ?"

"ಡಾಕ್ಟರಮ್ಮ ಹೇಳಿದ್ರು. ನನ್ನ ತಲೆಗೆ ಬರೋ ಸಕ್ಕರೆನೆಲ್ಲ ಕಾವಲಿನೋರು ತಿಂತಿದಾರಂತೆ ಅಕ್ಕ." ನಗಲು ಹೋದಳು, ಆಗಲಿಲ್ಲ. "ಎಲ್ಲರ ಮುಂದೆ ನಿನ್ನ ಮಾನ ಕಳೆದೆನಲ್ಲೇ. ಮರೆಗುಳಿ, ಮರೆಗುಳಿ ಅಂತ."

"ನಾನು ಕಿವುಡಿ ಆಗದೇ ಇದ್ದಿದ್ರೆ ನಿಂದು ಇನ್ನೂ ಬೇಗ ಗೊತ್ತಾಗ್ತಿತ್ತು."

"ಗೊತ್ತಾಗಿ ಏನಾಗ್ಬೇಕಿತ್ತು? ಇನ್ನೊಂದು ವರ್ಷ ಬೇಗ ಅಳ್ತಿದ್ವಿ." ತಂಗಿ ಕೀಲಿ ತೆಗೆದು ಅಕ್ಕನ ಮಡಿಲಿಗೆ ಹಾಕಿದಳು. "ಲೈಸೆನ್ಸ್ ನವೀಕರಣಕ್ಕೆ ಬಂದ ಎಷ್ಟು ಮುದುಕರಿಗೆ ನಾನೇ ಆಗಲ್ಲ ಅಂತ ಹೇಳಿ ಕಳಿಸಿಲ್ಲ. ನನಗೆ ಹೇಳೋಕೆ ಇನ್ನೊಬ್ರು ಬೇಕಾ."

ಇಬ್ಬರೂ ಇಳಿದು, ಮುಂಭಾಗದಿಂದ ಒಬ್ಬಳು ಹಿಂಭಾಗದಿಂದ ಒಬ್ಬಳು ಸುತ್ತಿ ಬಂದು, ಸೀಟು ಬದಲಾಯಿಸಿಕೊಂಡರು. ಅಕ್ಕ ತಕ್ಷಣ ಗಾಡಿ ಹೊರಡಿಸಲಿಲ್ಲ. ತಂಗಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಚಿಕ್ಕವರಿದ್ದಾಗ ಜ್ವರ ಬಂದರೆ ಹಾಗೆ ಕೂರುತ್ತಿದ್ದದ್ದುಂಟು. ದೊಡ್ಡವರಾದ ಮೇಲೆ ಇದೇ ಮೊದಲು.

ಮಗಳಿಗೆ ಅಂದೇ ಹೇಳಿದರು. ಅವಳು ಫೋನಿನಲ್ಲೇ ಅತ್ತಳು, ಆಮೇಲೆ ಅಂತರ್ಜಾಲ ಓದಿದಳು, ಆಮೇಲೆ ಮನೆಗೆ ಬಂದು ಸಕ್ಕರೆ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಅವಳ ಗಂಡ ಇನ್ನೇನನ್ನೋ ಓದಿದ್ದ. "ಮೆದುಳಿಗೆ ಸಕ್ಕರೆ ಸಾಲ್ತಿಲ್ಲ ಅಂದ್ಮೇಲೆ ಹೆಚ್ಚು ಕೊಡ್ಬೇಕಲ್ವಾ ಅತ್ತೆಗೆ?" ಎಂದು ಬಂದಾಗಲೆಲ್ಲ ಮಿಠಾಯಿ ತಂದುಕೊಡುತ್ತಿದ್ದ. ತಂಗಿ ಮಗಳ ಮುಂದೆ ಸಪ್ಪೆ ಚಹಾ ಕುಡಿದು, ಅಳಿಯನ ಮುಂದೆ ಮಿಠಾಯಿ ತಿಂದು, ಇಬ್ಬರನ್ನೂ ಸಂತೋಷಪಡಿಸಿದಳು. ಕೊನೆಗೆ ಡಾಕ್ಟರಮ್ಮನ ಬಳಿ ಪಂಚಾಯಿತಿ ಹೋಯಿತು. ಅವಳು ಹೇಳಿದಳು: ಬಾಯಿಗೆ ಹಾಕಿದ ಸಕ್ಕರೆ ನೇರವಾಗಿ ನೆನಪಿಗೆ ಹೋಗುವುದಿಲ್ಲ, ಹಾಗೆಂದು ಪೂರ್ತಿ ಬಿಟ್ಟರೆ ಕಾವಲಿನವರು ಉಪವಾಸ ಬಿದ್ದು ಸುಮ್ಮನಾಗುವುದೂ ಇಲ್ಲ; ಎಲ್ಲರ ಹಾಗೆ ಮಿತವಾಗಿ ತಿನ್ನಲಿ. ಡಬ್ಬಿ ಅಟ್ಟದಿಂದ ಇಳಿಯಿತು.

ಸ್ಕೂಲು ನಡೆಯಿತು. ಪಾಠದ ವೇಳೆಗಳನ್ನು ಬರೆದಿಡಲು ನಿವೃತ್ತ ಗುಮಾಸ್ತೆಯೊಬ್ಬಳನ್ನು ಇಟ್ಟುಕೊಂಡರು. ತಂಗಿ ಅವಳ ಎದುರಿನ ಕುರ್ಚಿಯಲ್ಲೇ ಕೂತು ಬಂದವರನ್ನು ವಿಚಾರಿಸುತ್ತಿದ್ದಳು. ಗಾಬರಿಯಾದವರಿಗೆ ಧೈರ್ಯ ಹೇಳುವುದು, ಸೋಮಾರಿಗಳನ್ನು ಬೈಯುವುದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಅಕ್ಕ ಹೊಸದಾಗಿ ಉತ್ತರ ಕೊಡುತ್ತಿದ್ದಳು. ಮೊದಮೊದಲು ಅದು ಸುಲಭವಾಗಿರಲಿಲ್ಲ. ಸಿಟ್ಟು ಬಂದಾಗ ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟುಬಿಡುತ್ತಿದ್ದಳು. ತಂಗಿಗೆ ಅದು ಅರ್ಥವಾಗಿ, ಒಂದು ದಿನ, "ಹಾಕ್ಕೋ, ಹಾಕ್ಕೋ, ನಾನು ಸುಮ್ಮನಿರ್ತೀನಿ," ಎಂದಳು. ಆಮೇಲೆ ಅಕ್ಕ ತೆಗೆಯಲಿಲ್ಲ.

ಮುಂದಿನ ವರ್ಷದ ಸ್ಕ್ಯಾನಿಗೆ ಇಬ್ಬರೂ ಹೋದರು. ಚಿತ್ರದಲ್ಲಿ ಹೋದ ವರ್ಷದ ಕೆಂಪು ಇರಲಿಲ್ಲ. ಆ ಜಾಗಗಳು ಈಗ ಉಳಿದ ಕಡೆಗಿಂತಲೂ ಮಂಕಾಗಿದ್ದವು. ಡಾಕ್ಟರಮ್ಮ ಬೆಳಕು, ದೀಪ ಎಂಬ ಯಾವ ಮಾತನ್ನೂ ಆಡದೆ, ಇಷ್ಟು ಕಡಿಮೆಯಾಗಿದೆ ಎಂದು ಬೆರಳಿಟ್ಟು ತೋರಿಸಿದಳು.

"ನನ್ನಿಂದ ನಿಮಗೇನಾದ್ರೂ ಉಪಯೋಗ ಆಯ್ತಾ?" ಎಂದು ತಂಗಿ ಕೇಳಿದಳು.

"ಆಯ್ತು. ಈಗ ಯಾರದಾದ್ರೂ ಸ್ಕ್ಯಾನ್ ಹೀಗೆ ಕೆಂಪಾಗಿ ಬಂದ್ರೆ ನಾವು ಖುಷಿಪಟ್ಟು ಮನೆಗೆ ಕಳಿಸಲ್ಲ, ಮತ್ತೆ ಕರೀತೀವಿ. ಹಾಗೆ ಕರೆದವರಲ್ಲಿ ಇನ್ನೂ ಕೆಲವರು ಸಿಕ್ಕಿದಾರೆ."

"ಹಾಗಾದ್ರೆ ಸರಿ," ಎಂದಳು ತಂಗಿ. ಹೊರಗೆ ಬಂದ ಮೇಲೆ ಅಕ್ಕನ ತೋಳು ಹಿಡಿದುಕೊಂಡು, "ಏನಂದ್ರು ಅವರು? ಉಪಯೋಗ ಆಯ್ತಂತಾ?" ಎಂದಳು. ಆಯಿತಂತೆ ಎಂದಳು ಅಕ್ಕ.

ಕೆಲವು ತಿಂಗಳ ನಂತರ, ಮಧ್ಯಾಹ್ನದ ಹೊತ್ತು, ಡಾಕ್ಟರಮ್ಮನೇ ಆ ಆಫೀಸಿನ ಮೆಟ್ಟಿಲು ಹತ್ತಿದಳು. ಬಿಳಿ ಕೋಟು ಇರಲಿಲ್ಲ, ಹೆಗಲಿಗೊಂದು ಚೀಲ. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಹೆದರಿಕೆ. ಗುಮಾಸ್ತೆ ಊಟಕ್ಕೆ ಹೋಗಿದ್ದಳು. ಕುರ್ಚಿಯಲ್ಲಿ ತಂಗಿ ಒಬ್ಬಳೇ ಇದ್ದಳು.

"ಕಲೀಬೇಕಿತ್ತು," ಎಂದಳು ಡಾಕ್ಟರಮ್ಮ. "ಸಂಜೆ ಹೊತ್ತು ಆಗುತ್ತಾ?"

"ಆಗಲ್ಲ," ಎಂದಳು ತಂಗಿ. "ಕೂತ್ಕೊಳ್ಳಿ. ಏನು ಕೆಲಸ ಮಾಡ್ತೀರಿ?"

ಡಾಕ್ಟರಮ್ಮ ಅವಳ ಕಣ್ಣು ನೋಡಿದಳು. ಪರಿಚಯದ ಸುಳಿವು ಅಲ್ಲಿ ಇರಲಿಲ್ಲ. "ಆಸ್ಪತ್ರೇಲಿ," ಎಂದಳು.

"ಓ! ಯಾವ ಆಸ್ಪತ್ರೆ? ನಂದೂ ಒಂದು ಆಸ್ಪತ್ರೇಲಿ ತೋರಿಸ್ತಿದೀವಿ, ಮರೆವಿನ ವಿಭಾಗದಲ್ಲಿ. ನನ್ನ ತಲೆ ಸ್ವಲ್ಪ ತಂಟೆ ಮಾಡುತ್ತೆ. ಒಬ್ರು ಡಾಕ್ಟರಮ್ಮ ಇದಾರೆ, ಒಳ್ಳೇವ್ರು. ಸುಳ್ಳು ಹೇಳಲ್ಲ. ಬಾಗಿಲು ಹಾಕ್ಕೊಂಡು ಬಂದು ಕೂತ್ರೆ ಮಾತ್ರ ಹೆದರಿಕೆ ಆಗುತ್ತೆ."

"ಹೌದಾ," ಎಂದಳು ಡಾಕ್ಟರಮ್ಮ.

"ಹೂಂ. ನಿಮಗೂ ಹೆದರಿಕೆ ಅಲ್ವಾ? ನಿಮ್ಮ ಕೈ ನೋಡಿದ್ರೇ ಗೊತ್ತಾಗುತ್ತೆ, ಚೀಲ ಹೇಗೆ ಹಿಡ್ಕೊಂಡಿದೀರಿ ನೋಡಿ. ನಮ್ಮಕ್ಕನ ಹತ್ತಿರ ಕೂತ್ರೆ ಎಲ್ಲ ಹೋಗುತ್ತೆ."

ಅಷ್ಟರಲ್ಲಿ ಅಕ್ಕ ಒಂದು ಪಾಠ ಮುಗಿಸಿ ಒಳಗೆ ಬಂದಳು. ಡಾಕ್ಟರಮ್ಮನನ್ನು ಕಂಡು ಡಾಕ್ಟರಮ್ಮಾ ಎಂದು ಮಾತಾಡಿಸಲು ಬಾಯಿ ತೆಗೆದಳು. ಡಾಕ್ಟರಮ್ಮ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಅಕ್ಕ ತಂಗಿಯನ್ನು ನೋಡಿದಳು, ಮತ್ತೆ ಇವಳನ್ನು ನೋಡಿದಳು, ಅರ್ಥ ಮಾಡಿಕೊಂಡಳು.

"ಅಕ್ಕ, ಇವರು ಆಸ್ಪತ್ರೆಯೋರು. ಸಂಜೆ ಬೇಕಂತೆ. ಬೈಬೇಡ, ಪಾಪ, ಮೆತ್ತಗಿನೋರು," ಎಂದಳು ತಂಗಿ.

"ಬೈಯಲ್ಲ," ಎಂದಳು ಅಕ್ಕ. "ಈಗಲೇ ಗಾಡಿ ಖಾಲಿ ಇದೆ. ಬನ್ನಿ ಅಮ್ಮ, ಮೊದಲು ಸೀಟು ಸರಿ ಮಾಡ್ಕೊಳ್ಳೋದು ಹೇಗೆ ಅಂತ ತೋರಿಸ್ತೀನಿ."